ತಾಯಿಯ ಗಂಗಾಳ ಎಲ್ಲಿದೆ?



 ಕ್ರಿಸ್ತಜಯಂತಿಯ ಎಂಟನೆಯ ದಿನವಾದ ಇಂದು ಧರ್ಮಸಭೆಯು ಮರಿಯಮ್ಮನವರನ್ನು ದೇವಮಾತೆ ಎಂದು ಕೊಂಡಾಡುತ್ತದೆ. ವಿಶ್ವಗುರು ಆರನೆಯ ಪೌಲರು 1968ರಲ್ಲಿ ಆರಂಭಿಸಿದ ವಿಶ್ವ ಶಾಂತಿ ದಿನವೂ ಇಂದೇ. ಇಂತಹ ದೊಡ್ಡ ದಿನದಂದು ನಾವು ರೊಟ್ಟಿ, ಚಹಾ, ನಿದ್ರೆಯ ವಿಷಯ ಮಾತನಾಡಲು ಹೊರಟಿದ್ದೇವೆ. ಇದೇನು ಪ್ರಬೋಧನೆ ಎಂದು ಕೆಲವರು ಮುಖ ಮುಖ ನೋಡಬಹುದು. ಆದರೆ ಇಂದಿನ ಎರಡನೆಯ ವಾಚನದಲ್ಲಿ ಸಂತ ಪೌಲರು ದೇವಪುತ್ರರ ಜನನವನ್ನು ನೆನೆಯುವಾಗ ಒಬ್ಬ ಸ್ತ್ರೀಯನ್ನು ನೆನೆಯುತ್ತಾರೆ. ದೇವರ ಮಗನಿಗೂ ಒಬ್ಬ ತಾಯಿಯ ರಕ್ತ ಬೇಕಾಯಿತು, ಒಬ್ಬ ತಾಯಿಯ ಹಾಲು ಬೇಕಾಯಿತು.

ಕಳೆದ ತಿಂಗಳು ಕ್ರಿಸ್ಮಸ್ ಹಾಡುಗಳನ್ನು ಹಾಡುತ್ತಾ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಿಗೆ ಹೋಗಿದ್ದೆವು. ತೊಗರಿ ರಾಶಿಯ ಕಾಲ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದ ತಾಯಂದಿರು, ರಾತ್ರಿ ಒಂಬತ್ತಾದರೂ ನಮಗಾಗಿ ಬಿಸಿ ರೊಟ್ಟಿ ಬಡಿದರು. ಕಡ್ಲಿ ಪಲ್ಯ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಮೊಸರು. ನಾವು ಹೊಟ್ಟೆ ತುಂಬ ಉಂಡೆವು. "ನೀನೂ ಕುಂದ್ರವ್ವಾ" ಎಂದರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ: "ನಂದು ಆಮ್ಯಾಲ ಆಗ್ತದ್ರಿ ಫಾದರ್, ನೀವು ಉಣ್ರಿ."

ಒಂದು ಮನೆಯಲ್ಲಿ ಆ ತಾಯಿ ರೊಟ್ಟಿ ತರಲು ಎದ್ದವಳು ಒಲೆಯ ಪಕ್ಕದಲ್ಲೇ ತಲೆ ಸುತ್ತಿ ಕುಸಿದಳು. ಇನ್ನು ಒಂದು ಗೇಣು ಈಚೆಗೆ ಬಿದ್ದಿದ್ದರೆ ಬೆಂಕಿ. ನಾವೆಲ್ಲ ಗಾಬರಿಯಿಂದ ಎದ್ದೆವು. ಅವಳ ಮಗ ಮಾತ್ರ ಗಾಬರಿಯಾಗಲಿಲ್ಲ. "ಅವ್ವಗ ಹಿಂಗ ಆಗ್ತಿರ್ತದ್ರಿ" ಎಂದ. ಮರುದಿನ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳು. ಹೆಂಗಸರಿಗೆ ಅದು ಹನ್ನೆರಡಾದರೂ ಇರಬೇಕು. ಅವಳು ಬಿದ್ದದ್ದಕ್ಕಿಂತ ಆ ಹುಡುಗನ ಮಾತು ನಮ್ಮನ್ನು ಹೆಚ್ಚು ಕಾಡಿತು. ತಾಯಿ ಬೀಳುವುದು ಆ ಮನೆಗೆ ರೂಢಿಯಾಗಿಬಿಟ್ಟಿತ್ತು. ಇಷ್ಟು ವರ್ಷ ಎಷ್ಟೋ ಮನೆಗಳಲ್ಲಿ ಉಂಡು ಕೈ ತೊಳೆದು, ಆಶೀರ್ವಾದ ಮಾಡಿ ಹೊರಟ ನಾವೂ, ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಉಳಿದಿದೆ ಎಂದು ತಿರುಗಿ ನೋಡಿದವರಲ್ಲ.

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ನಮಗೆಲ್ಲ ಹೆಮ್ಮೆ. ಆದರೆ ಆ ತೊಗರಿಯನ್ನು ಕೊಯ್ದ ಕೈಗೆ ಗಡಿಗೆಯ ತಳದ ತಿಳಿ ಮಾತ್ರ ಉಳಿದರೆ?

ಹೊಸ ವರ್ಷಕ್ಕೆ ದೊಡ್ಡ ದೊಡ್ಡ ಸಂಕಲ್ಪಗಳನ್ನು ನಾವು ಕೇಳುವುದಿಲ್ಲ. ಅವು ಸಂಕ್ರಾಂತಿಯವರೆಗೂ ಬಾಳುವುದಿಲ್ಲ ಎಂಬುದು ನಮ್ಮದೇ ಅನುಭವ. ಒಂದೇ ರೂಢಿ ಸಾಕು: ರಾತ್ರಿ ಊಟಕ್ಕೆ ತಾಯಿಯ ಗಂಗಾಳವನ್ನೂ ಎಲ್ಲರ ಜೊತೆಗೇ ಹಾಕಿ. ಅವಳು ಕುಳಿತ ಮೇಲೆ ಪ್ರಾರ್ಥನೆ, ಆಮೇಲೆ ಊಟ. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಎಳ್ಳಮವಾಸ್ಯೆಗೆ ನೆರೆಹೊರೆಯವರು ನಮ್ಮನ್ನೂ ಹೊಲಕ್ಕೆ ಕರೆಯುತ್ತಾರಲ್ಲ, ಅಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಟ್ಟಿಗೆ ಕುಳಿತು ಭಜ್ಜಿ, ರೊಟ್ಟಿ ಉಣ್ಣುವುದಿಲ್ಲವೇ? ವರ್ಷಕ್ಕೊಮ್ಮೆ ಹೊಲದಲ್ಲಿ ಆಗುವುದು ದಿನವೂ ಮನೆಯಲ್ಲಿ ಏಕೆ ಆಗಬಾರದು?

ಇನ್ನೊಂದು ಮಾತು ಚಹಾದ್ದು. ಉಂಡ ಕೂಡಲೇ ಚಹಾ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಿರಿ. ಪಲ್ಯದ ಮೇಲೆ ಲಿಂಬೆ ಹಿಂಡಿಕೊಂಡರೆ ಅದೇ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಉಚಿತ. ಗರ್ಭಿಣಿಯರು 180 ದಿನವಾದರೂ ಅದನ್ನು ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸುತ್ತದೆ ಎಂದು ಬಿಟ್ಟವರು ನಮ್ಮಲ್ಲಿ ಬಹಳ. ಬಿಡುವ ಮೊದಲು ಆಶಾ ಕಾರ್ಯಕರ್ತೆಯನ್ನೋ ನರ್ಸಮ್ಮನನ್ನೋ ಕೇಳಿ.

ಗಂಡಸರಿಗೂ ಒಂದು ಮಾತು. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಸಣ್ಣ ಚಮಚವೂ ತುಂಬಬಾರದು. ಉಪ್ಪಿನಕಾಯಿ, ಸಂಡಿಗೆ ಎಲ್ಲ ಸೇರಿ ಅಷ್ಟೇ. ಬಿಪಿ ಮಾತ್ರೆ ನುಂಗುತ್ತಾ ಇದನ್ನು ಹೇಳುತ್ತಿದ್ದೇವೆ, ನಗಬೇಡಿ.

ಇಂದಿನ ಶುಭಸಂದೇಶದಲ್ಲಿ ಕುರುಬರು ಅವಸರದಿಂದ ಗೋದಲಿಗೆ ಬರುತ್ತಾರೆ. ಹಸಿ ಬಾಣಂತಿಯ ಬಳಿಗೆ ಅಪರಾತ್ರಿಯಲ್ಲಿ ಅಷ್ಟು ಮಂದಿ! ಅವರಲ್ಲಿ ಯಾರಾದರೂ ಆ ತಾಯಿಯನ್ನು ಉಂಡೆಯಾ ಎಂದು ಕೇಳಿದರೋ ಇಲ್ಲವೋ, ಸಂತ ಲೂಕರು ಬರೆದಿಲ್ಲ. ಆದರೆ ಜೋಸೆಫರು ಅಲ್ಲಿಯೇ ಇದ್ದರು ಎಂದು ಬರೆದಿದ್ದಾರೆ. ಮರಿಯಮ್ಮನವರು ನಡೆದದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಧ್ಯಾನಿಸುತ್ತಿದ್ದರು. ಹಾಗೆ ಧ್ಯಾನಿಸಲು ಒಂದಿಷ್ಟು ಬಿಡುವು ಬೇಕಲ್ಲವೇ? ಜೋಸೆಫರು ಅದನ್ನು ಕಾದುಕೊಟ್ಟಿರಬೇಕು ಎಂದು ನಮಗೆ ಅನಿಸುತ್ತದೆ. ನಮ್ಮ ಮನೆಗಳಲ್ಲಿ ಊಟವಾದ ಕೂಡಲೇ ಮಗ ಒಂದು ಮೊಬೈಲು, ಅಪ್ಪ ಒಂದು ಮೊಬೈಲು; ತಾಯಿಗೆ ಪಾತ್ರೆಗಳು. ಪಾತ್ರೆಗೆ ನಾಲ್ಕು ಕೈ ಸೇರಿದರೆ ಜಪಸರಕ್ಕೆ ಸಮಯವೂ ಸಿಗುತ್ತದೆ, ಅವಳಿಗೆ ಒಂದು ತಾಸು ಹೆಚ್ಚು ನಿದ್ರೆಯೂ ಸಿಗುತ್ತದೆ.

ಆ ತಾಯಿ ಇಂದು ಚರ್ಚಿಗೆ ಬಂದಿದ್ದಾಳೆ. ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಅವಳ ಮಗ ನಿನ್ನೆ ನಮ್ಮ ಬಳಿ ಬಂದು, ಈಗ ರೊಟ್ಟಿ ಎಣಿಸುತ್ತೇನೆ ಎಂದ.

ಬಲಿಪೂಜೆಯ ನಂತರ ಅಂಗಳದಲ್ಲಿ ಎಲ್ಲರಿಗೂ ಊಟವಿದೆ. ಮೊದಲ ಪಂಕ್ತಿ ತಾಯಂದಿರದು, ಬಡಿಸುವವರು ಗಂಡಸರು. ಬಕೆಟ್ಟು, ಸೌಟುಗಳನ್ನು ಉಪದೇಶಿಯವರು ತೊಳೆದಿಟ್ಟಿದ್ದಾರೆ. ಸಾರಿಗೆ ಉಪ್ಪು ಕಡಿಮೆ ಎನಿಸಿದರೆ ಅಡಿಗೆಯವರನ್ನು ಬೈಯಬೇಡಿ, ಹಾಗೆ ಹೇಳಿದವರು ನಾವೇ.