ರೋಗವನ್ನು ಮುಚ್ಚಿಡುವುದು ಲಜ್ಜೆಯಲ್ಲ



ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ನಾವೇ ತೀರ್ಮಾನಿಸಿ ಸುಮ್ಮನಾಗುತ್ತೇವೆ. ಹೆಣ್ಣುಮಕ್ಕಳಂತೂ ಮನೆಯವರಿಗೂ ಹೇಳಲು ಸಂಕೋಚಪಡುತ್ತಾರೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು. ರಕ್ತ ಕಂಡವರು ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಯಾವ ತೊಂದರೆಯೂ ಇಲ್ಲದವರಿಗಾಗಿ ಇರುವುದು ‘ಫಿಟ್’ ಪರೀಕ್ಷೆ. ಮನೆಯಲ್ಲೇ ಕಡ್ಡಿಯಿಂದ ಮಲದ ಮಾದರಿ ತೆಗೆದು, ಪುಟ್ಟ ಸೀಸೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕೊಟ್ಟರಾಯಿತು. ಕಣ್ಣಿಗೆ ಕಾಣದ ರಕ್ತವನ್ನೂ ಅದು ಪತ್ತೆಹಚ್ಚುತ್ತದೆ. ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ, ಹಳೆಯ ಪರೀಕ್ಷೆಯಂತೆ ಮಾಂಸ ಬಿಡಬೇಕಾಗಿಲ್ಲ. ರಕ್ತವಿಲ್ಲವೆಂದು ಬಂದರೂ ವರ್ಷಕ್ಕೊಮ್ಮೆ ಮರಳಿ ಮಾಡಬೇಕು.

ಅಮೆರಿಕದ ತಜ್ಞರ ಸಮಿತಿ 2021ರಲ್ಲಿ 45ನೇ ವಯಸ್ಸಿನಿಂದಲೇ ಈ ತಪಾಸಣೆಗೆ ಶಿಫಾರಸು ಮಾಡಿತು. ನಮ್ಮ ಸರಕಾರದ 2016ರ ಮಾರ್ಗಸೂಚಿಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿದ್ದವು, ಕರುಳಿನದ್ದು ಇರಲಿಲ್ಲ. ಆದ್ದರಿಂದ ನಾವೇ ವೈದ್ಯರನ್ನು ಕೇಳಬೇಕಾಗಿದೆ.

ರಕ್ತವಿದೆಯೆಂದು ಬಂದರೆ ಕ್ಯಾನ್ಸರ್ ಇದೆಯೆಂದೇ ಅರ್ಥವಲ್ಲ. ಆದರೆ ಕೊಲೊನೋಸ್ಕೋಪಿ ಮಾಡಿಸಲೇಬೇಕು. ಕರುಳಿನಲ್ಲಿ ಸಣ್ಣ ಗಂಟುಗಳು ಕಂಡರೆ, ಕ್ಯಾನ್ಸರ್ ಆಗಿ ಬೆಳೆಯುವ ಮುನ್ನವೇ ತೆಗೆದುಹಾಕಬಹುದು. ಅದಕ್ಕಾಗಿ ಬೆಳಗಾವಿಯವರೆಗೆ ಹೋಗಲು ಹಿಂಜರಿದರೆ ಮನೆಯಲ್ಲಿ ಮಾಡಿದ ಪರೀಕ್ಷೆಯೂ ವ್ಯರ್ಥ.

ಲಜ್ಜೆ ನಮ್ಮ ಮನೆಗಳ ಸಂಸ್ಕಾರ. ಮನೆಯೊಳಗೇ ಮಾಡುವ ಈ ಪರೀಕ್ಷೆ ಅದಕ್ಕೆ ಕುಂದು ತರುವುದಿಲ್ಲ. ಇಂದು ರಾತ್ರಿ ಊಟಕ್ಕೆ ಮುನ್ನ ನಿಮ್ಮ ತಂದೆತಾಯಿಯರನ್ನು ಈ ವಿಷಯವಾಗಿ ಒಮ್ಮೆ ವಿಚಾರಿಸಿರಿ.