ಖರ್ಜ ಕೇಳಬೇಕು, ಗೋಡೆ ನಡುಗಬಾರದು



ಹುಬ್ಬಳ್ಳಿ–ಧಾರವಾಡದಲ್ಲಿ ಆರ್ಕೆಸ್ಟ್ರಾ ಮುಗಿಸಿಕೊಂಡು ಮನೆಗೆ ಹೊರಟವರು ಬೇಸ್ ಗಿಟಾರಿನ ಬಗ್ಗೆ ಆಡುವ ಮಾತು ಸಾಮಾನ್ಯವಾಗಿ ಎರಡು. ‘ಆ ಹುಡುಗ ಏನ್ ಬಾರಿಸಿದನೋ, ಕೇಳಸಲೇ ಇಲ್ಲ’ ಎಂಬುದು ಒಂದು. ‘ಎದಿಗೆ ಗುದ್ದಿದಂಗಾತು, ಸ್ವರ ಮಾತ್ರ ಒಂದೂ ತಿಳೀಲಿಲ್ಲ’ ಎಂಬುದು ಇನ್ನೊಂದು. ಎರಡು ದೂರುಗಳೂ ಬಾರಿಸುವವನ ಬೆರಳಿನ ಮೇಲೆ ಬೀಳುತ್ತವೆ. ಆದರೆ ಬಹಳ ಸಲ ತಪ್ಪು ಇರುವುದು ಅವನ ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿ, ಅಂದರೆ ಆಂಪ್ಲಿಫೈಯರಿನ ಆಯ್ಕೆಯಲ್ಲಿ ಮತ್ತು ಅದನ್ನು ಹದಗೊಳಿಸಿದ ರೀತಿಯಲ್ಲಿ.

ತಗ್ಗಿನ ನಾದ ಈ ಅವಳಿ ನಗರಕ್ಕೆ ಹೊಸದೇನೂ ಅಲ್ಲ. ತಂಬೂರಿಯ ಕೊನೆಯ ತಂತಿಯೇ ಖರ್ಜ. ಗಾಯಕರು ಹಾರ್ಮೋನಿಯಂನ ಕಪ್ಪು ಒಂದನೇ ಮನೆಯನ್ನು ಷಡ್ಜ ಮಾಡಿಕೊಂಡರೆ ಆ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 138 ಕಂಪನ, ಖರ್ಜಕ್ಕೆ ಅದರ ಅರ್ಧ, 69. ಬೇಸ್ ಗಿಟಾರಿನ ನಾಲ್ಕು ತಂತಿಗಳ ಕಂಪನಗಳು ಸುಮಾರು 41, 55, 73 ಮತ್ತು 98. ಅಂದರೆ ತಂಬೂರಿಯ ಖರ್ಜ ಬೇಸ್ ಗಿಟಾರಿನ ಎರಡು ತಂತಿಗಳ ನಡುವೆ ಬಂದು ಕೂರುತ್ತದೆ. ಧಾರವಾಡದಲ್ಲಿ ನೆಲೆಸಿದ ಸಿತಾರ ರತ್ನ ರಹಿಮತ್ ಖಾನ್ ಅವರನ್ನು ಸಿತಾರಿನ ತಂತಿಗಳನ್ನು ಮರುಜೋಡಿಸಿ ಖರ್ಜಕ್ಕೆ ಸ್ಥಾನ ಕೊಟ್ಟವರೆಂದು ಇಲ್ಲಿಯ ಸಿತಾರ್ ಪರಂಪರೆ ನೆನೆಯುತ್ತದೆ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ (1913–2009) ಅವರ ಕಂಠ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ತಗ್ಗಿತು. ಆ ಗಂಭೀರ ದನಿಯೇ ಮುಂದೆ ಅವರ ಗುರುತಾಯಿತು. ತಗ್ಗಿನ ಸ್ವರಕ್ಕೂ ಬರೀ ಗದ್ದಲಕ್ಕೂ ಇರುವ ಅಂತರವನ್ನು ಇಂಥ ಊರಿನ ಕಿವಿಗೆ ಹೊಸದಾಗಿ ಕಲಿಸಬೇಕಿಲ್ಲ.

ಈ ಕಿವಿಯ ಒಂದು ಸೋಜಿಗವನ್ನು ಮೊದಲು ನೋಡೋಣ. ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಮುಂದೆ ಮನೆಮನೆಗೆ ಬಂದ ಟ್ರಾನ್ಸಿಸ್ಟರಿನ ಅಂಗೈಯಗಲದ ಸ್ಪೀಕರಿಗೆ 69 ಕಂಪನದ ಸ್ವರವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಆದರೂ ಅದರಲ್ಲಿ ಸಂಗೀತ ಕೇಳಿದವರಿಗೆ ಖರ್ಜ ಕೇಳಿಸುತ್ತಿತ್ತು. ಹೇಗೆ? ಯಾವ ತಂತಿಯೂ ಒಂದೇ ಸ್ವರವನ್ನು ನುಡಿಯುವುದಿಲ್ಲ. 69ರ ಜೊತೆಗೆ 138, 207, 276 ಎಂದು ಉಪಸ್ವರಗಳ ಸಾಲೇ ಏಳುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲು ಇಟ್ಟು ಜವಾರಿ ತೆರೆಯುವುದು ಈ ಉಪಸ್ವರಗಳನ್ನು ಅರಳಿಸಲಿಕ್ಕೆ. ಸಾಲಿನ ಮೇಲಿನ ಸ್ವರಗಳು ಸ್ಪಷ್ಟವಾಗಿ ಬಂದರೆ ಸಾಕು, ಕೆಳಗಿನ ಕಾಣದ ಸ್ವರವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಬೇಸ್ ಆಂಪ್ಲಿಫೈಯರ್ ಹದಗೊಳಿಸುವ ವಿದ್ಯೆಯ ಬೀಜ ಇಲ್ಲಿದೆ. ತಗ್ಗಿನ ಸ್ವರ ಯಾವುದೆಂದು ಕೇಳುಗನಿಗೆ ಗೊತ್ತಾಗುವುದು ಅದರ ಮೇಲಿನ ಸ್ವರಗಳಿಂದ.

ಇನ್ನು ಪೆಟ್ಟಿಗೆಯ ಕಥೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಶನ್ ಬೇಸ್’ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಹೊಂದುವ ‘ಬೇಸ್‌ಮನ್’ ಆಂಪ್ಲಿಫೈಯರ್ 1952ರಲ್ಲಿ ಬಂತು. ಡ್ರಮ್ಮು, ಗಿಟಾರುಗಳ ಸದ್ದು ಏರಿದಂತೆ ಅದೂ ಸಾಲದಾಯಿತು. 1969ರಲ್ಲಿ ಆಂಪೆಗ್ ಕಂಪನಿ 300 ವಾಟ್‌ನ ವಾಲ್ವ್ ಆಂಪ್ಲಿಫೈಯರ್ ತಯಾರಿಸಿತು. ಅದಕ್ಕೆ ಜೊತೆಯಾಗಿ ಹತ್ತು ಇಂಚಿನ ಎಂಟೆಂಟು ಸ್ಪೀಕರುಗಳ ಬೀರುವಿನಂಥ ಪೆಟ್ಟಿಗೆಗಳು ಬಂದವು.

ಇಷ್ಟೊಂದು ಶಕ್ತಿ ಏಕೆ? ಮನುಷ್ಯನ ಕಿವಿ ತಗ್ಗಿನ ಸ್ವರಕ್ಕೆ ಮಂದ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಸದ್ದು ಸಣ್ಣದಿದ್ದಾಗ ಈ ಮಂದತನ ಹೆಚ್ಚು, ಸದ್ದು ದೊಡ್ಡದಾದಂತೆ ಕಡಿಮೆ. ಮೇಲಾಗಿ, ಸದ್ದು ಇಮ್ಮಡಿಯಾದಂತೆ ಕೇಳಿಸಬೇಕಾದರೆ ಸುಮಾರು ಹತ್ತು ಪಟ್ಟು ವಿದ್ಯುತ್ ಶಕ್ತಿ ಬೇಕು. ಗಿಟಾರಿನವನು 30 ವಾಟ್‌ನಲ್ಲಿ ಸುಖವಾಗಿರುವಾಗ ಬೇಸ್‌ನವನು 200–300 ವಾಟ್ ಕೇಳಿದರೆ ಅದು ದುರಾಸೆಯಲ್ಲ.

ಇದೇ ಕಾರಣಕ್ಕೆ ಪೆಂಡಾಲಿನ ಹಳೆಯ ಹಾರ್ನ್ ಬೇಸ್ ಗಿಟಾರಿಗೆ ಒಗ್ಗುವುದಿಲ್ಲ. ಅದು ಭಾಷಣಕ್ಕೆ ಹುಟ್ಟಿದ್ದು. ಸುಮಾರು 250–300 ಕಂಪನದಿಂದ ಕೆಳಗೆ ಅದರ ದನಿ ಕುಸಿಯುತ್ತದೆ. ಬೇಸ್ ಗಿಟಾರನ್ನು ಅದಕ್ಕೆ ಜೋಡಿಸಿದರೆ ಉಳಿಯುವುದು ತಂತಿಯ ಕಿರಿಕಿರಿ ಮಾತ್ರ.

ಕೊಳ್ಳುವಾಗ ಏನು ನೋಡಬೇಕು? ಮೊದಲನೆಯದು, ಎಲ್ಲಿ ಬಾರಿಸುವುದು ಎಂಬ ಪ್ರಶ್ನೆ. ಮನೆಯ ಅಭ್ಯಾಸಕ್ಕೆ 25ರಿಂದ 40 ವಾಟ್ ಧಾರಾಳ. ಡ್ರಮ್ ಇರುವ ತಾಲೀಮಿಗೆ 100ರಿಂದ 200 ಬೇಕು. ವೇದಿಕೆಯಲ್ಲಿ ಸ್ವಂತ ಪೆಟ್ಟಿಗೆಯೇ ಸಭಾಂಗಣವನ್ನು ತುಂಬಬೇಕಾದರೆ 300ಕ್ಕೂ ಮೇಲೆ. ಆದರೆ ಸವಾಯಿ ಗಂಧರ್ವ ಕಲಾಮಂದಿರ, ಸೃಜನಾ ರಂಗಮಂದಿರದಂಥ ಕಡೆ ದೊಡ್ಡ ಸೌಂಡ್ ಸಿಸ್ಟಂ ಹಾಕಿಸಿದಾಗ ಅದಕ್ಕೇ ನೇರವಾಗಿ ತಂತಿ ಕೊಡಬಹುದು. ಅದಕ್ಕಾಗಿ ಆಂಪ್ಲಿಫೈಯರಿನ ಹಿಂಬದಿಯಲ್ಲಿ ಡಿಐ ಎಂಬ ಕಿಂಡಿ ಇರಬೇಕು. ಆಗ ವಾದಕನ ಪೆಟ್ಟಿಗೆ ಅವನಿಗೂ ಜೊತೆಗಾರರಿಗೂ ಕೇಳಿಸಿದರೆ ಸಾಕು, ಸಣ್ಣದೇ ಆದೀತು. ಹಣ ಹೊಂದಿಸಲು ಹೆಣಗುವ ಹುಡುಗನಿಗೆ ಇದು ಸಣ್ಣ ಉಳಿತಾಯವಲ್ಲ.

ಎರಡನೆಯದು ಸ್ಪೀಕರ್. ಹದಿನೈದು ಇಂಚಿನದು ತಗ್ಗಿಗೆ, ಹತ್ತು ಇಂಚಿನದು ಸ್ಪಷ್ಟತೆಗೆ ಎಂಬ ಮಾತು ಅರ್ಧ ಸತ್ಯ. ಸ್ಪೀಕರಿನ ರಚನೆ, ಪೆಟ್ಟಿಗೆಯ ಗಾತ್ರ ಮತ್ತು ಕಟ್ಟಣೆಯೂ ಅಷ್ಟೇ ಮುಖ್ಯ. ಗಿಟಾರಿನ ಆಂಪ್ಲಿಫೈಯರಿಗೆ ಬೇಸ್ ಹಾಕಿ ಜೋರು ಮಾಡಿದರೆ ಸ್ಪೀಕರಿನ ಕಾಗದವೇ ಹರಿದೀತು. ಕೀಬೋರ್ಡಿನ ಆಂಪ್ಲಿಫೈಯರ್ ಮಾತ್ರ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ.

ಮೂರನೆಯದು ಓಮ್ ಲೆಕ್ಕ. ಎಂಟು ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ನಾಲ್ಕು ಓಮ್ ಆಗುತ್ತದೆ. ಆಂಪ್ಲಿಫೈಯರ್ ಕನಿಷ್ಠ ಎಷ್ಟು ಓಮ್ ತಾಳುತ್ತದೆಂದು ಅದರ ಹಿಂದೆಯೇ ಬರೆದಿರುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ಸುಟ್ಟೀತು. ವಿದೇಶದಿಂದ ನೆಂಟರು ತಂದುಕೊಟ್ಟ ಪೆಟ್ಟಿಗೆ 110–120 ವೋಲ್ಟಿನದಾಗಿದ್ದರೆ ಅದನ್ನು ನಮ್ಮ 230 ವೋಲ್ಟಿಗೆ ನೇರ ಚುಚ್ಚಲೇಬಾರದು.

ಈಗ ಹದಗೊಳಿಸುವ ಕೆಲಸ. ಎಲ್ಲ ಟೋನ್ ನಾಬ್‌ಗಳನ್ನೂ ನಡುವಿಗೆ ನಿಲ್ಲಿಸಿ. ವಾಲ್ಯೂಮನ್ನು ಪೂರ್ತಿ ಇಳಿಸಿ, ನಿಮ್ಮ ಅತಿ ಜೋರಿನ ಮೀಟಿಗೆ ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಮಿಣುಕುವವರೆಗೆ ಗೇನ್ ಏರಿಸಿ, ತುಸು ಹಿಂದಕ್ಕೆ ತನ್ನಿ. ಆಮೇಲೆ ವಾಲ್ಯೂಮ್ ಏರಿಸಿ. ಕೇಳಿಸದೇ ಹೋದರೆ ಕೈ ತಾನಾಗಿ ‘ಬೇಸ್’ ಎಂದು ಬರೆದ ನಾಬಿಗೆ ಹೋಗುತ್ತದೆ. ಅಲ್ಲೇ ಎಡವುವುದು. ಆ ನಾಬ್ ಸಾಮಾನ್ಯವಾಗಿ 40ರಿಂದ 100 ಕಂಪನದ ಪಾಲನ್ನು ಹಿಗ್ಗಿಸುತ್ತದೆ. ಆಂಪ್ಲಿಫೈಯರಿನ ಶಕ್ತಿಯೆಲ್ಲ ಅದಕ್ಕೇ ಖರ್ಚಾಗಿ, ಡ್ರಮ್ಮಿನ ಸದ್ದಿನೊಡನೆ ಕಲಸಿಹೋಗುತ್ತದೆ. ಬದಲಿಗೆ ‘ಮಿಡ್’ ನಾಬನ್ನು ಕೊಂಚ ಏರಿಸಿ. 500ರಿಂದ 800 ಕಂಪನದ ಆಸುಪಾಸಿನಲ್ಲಿ ಸ್ವರದ ಮುಖ ಕಾಣುತ್ತದೆ. ಇದೇ ಆಂಪ್ಲಿಫೈಯರಿನ ಜವಾರಿ. ಗುಂಯ್‌ಗುಡುವಿಕೆ ಇದ್ದರೆ 200–300ರ ಪಾಲನ್ನು ಇಳಿಸಿ. ಬೆರಳಿನ ಪೆಟ್ಟು ಕೇಳಿಸಬೇಕೆಂದರೆ ಟ್ರೆಬಲ್ ಚೂರು ಸಾಕು.

ಮನೆಯಲ್ಲಿ ಸಣ್ಣ ದನಿಯಲ್ಲಿ ಇಂಪೆನಿಸಿದ ಹದವನ್ನೇ ವೇದಿಕೆಗೆ ಒಯ್ಯುವುದೂ ಸರಿಯಲ್ಲ. ಫ್ಲೆಚರ್–ಮನ್ಸನ್ ಲೆಕ್ಕದ ಪ್ರಕಾರ ಮನೆಯಲ್ಲಿ ಸಾಕಷ್ಟೇ ಎನಿಸಿದ ಬೇಸ್ ವೇದಿಕೆಯ ಜೋರಿನಲ್ಲಿ ಅತಿಯಾಗುತ್ತದೆ. ಜಾಗವೂ ಆಟ ಆಡುತ್ತದೆ. 41 ಕಂಪನದ ಒಂದು ಅಲೆಯ ಉದ್ದ ಸುಮಾರು ಎಂಟು ಮೀಟರ್. ಅಂಥ ಅಲೆ ಗೋಡೆಗೆ ಬಡಿದು ಮರಳಿದಾಗ ಸಭಾಂಗಣದ ಒಂದೆಡೆ ಉಬ್ಬುತ್ತದೆ, ಇನ್ನೊಂದೆಡೆ ಬತ್ತುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ ತಗ್ಗು ಹೆಚ್ಚುತ್ತದೆ. ಟೊಳ್ಳು ಹಲಗೆಯ ವೇದಿಕೆ ತಾನೂ ಸೇರಿ ಮೊಳಗುತ್ತದೆ. ಅದಕ್ಕೇ ಜೊತೆಗಾರನ ಕೈಗೆ ಗಿಟಾರ್ ಕೊಟ್ಟು ಕೊನೆಯ ಸಾಲಿನವರೆಗೆ ಒಮ್ಮೆ ನಡೆದು ಬರಬೇಕು. ತಂಬೂರಿಯನ್ನು ಹಸಿರುಕೋಣೆಯಲ್ಲಿ ಕೂಡಿಸಿದ್ದರೂ ವೇದಿಕೆಯಲ್ಲಿ ಮತ್ತೆ ಕೂಡಿಸುವುದಿಲ್ಲವೇ? ಇದೂ ಹಾಗೆಯೇ.

ಒಂದು ಎಚ್ಚರಿಕೆ. ಗಿಟಾರಿನಲ್ಲಿ ಗೂಂ ಎಂಬ ವಿದ್ಯುತ್ ಸದ್ದು ಬಂದಾಗ ಅರ್ಥಿಂಗ್ ಪಿನ್ ಕಿತ್ತುಹಾಕುವ ರೂಢಿ ಕೆಲವರಲ್ಲಿದೆ. ಒದ್ದೆ ನೆಲದ ಪೆಂಡಾಲಿನಲ್ಲಿ ಇದು ಜೀವಕ್ಕೇ ಸಂಚಕಾರ. ಅದಕ್ಕೆಂದೇ ಡಿಐ ಕಿಂಡಿಯ ಪಕ್ಕದಲ್ಲಿ ‘ಗ್ರೌಂಡ್ ಲಿಫ್ಟ್’ ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತಿ ನೋಡಬೇಕು, ಪಿನ್ ಮುಟ್ಟಬಾರದು.

ಕೊನೆಗೆ ನೆರೆಹೊರೆಯ ಮಾತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆದರೆ ಈ ಅಳತೆ ಮಾಡುವ ‘ಎ’ ಮಾಪನ ಕಿವಿಯ ಮಂದತನವನ್ನು ಅನುಸರಿಸಿ 50 ಕಂಪನದ ಸದ್ದನ್ನು ಸುಮಾರು 30 ಡೆಸಿಬಲ್ ಕಡಿಮೆ ಲೆಕ್ಕ ಹಾಕುತ್ತದೆ. ಗೋಡೆಗಳು ತಡೆಯುವುದು ಎತ್ತರದ ದನಿಯನ್ನೇ ಹೊರತು ತಗ್ಗಿನದನ್ನಲ್ಲ. ಹೀಗಾಗಿ ಯಂತ್ರಕ್ಕೆ ಸಣ್ಣದೆನಿಸಿದ ಸದ್ದು ಪಕ್ಕದ ಮನೆಯ ತೊಟ್ಟಿಲ ಕೂಸನ್ನೂ ಹಾಸಿಗೆ ಹಿಡಿದ ಹಿರಿಯರನ್ನೂ ಎಬ್ಬಿಸಬಲ್ಲದು. ‘ಬೇಸ್’ ಇಳಿಸಿ ‘ಮಿಡ್’ ಏರಿಸಿದರೆ ಸಭೆಗೆ ಸ್ವರ ಹೆಚ್ಚು ಕೇಳಿಸುತ್ತದೆ, ಓಣಿಗೆ ನಡುಕ ಕಡಿಮೆಯಾಗುತ್ತದೆ.

ಅಂಗಡಿಗೆ ಹೋಗುವವರು ತಮ್ಮದೇ ವಾದ್ಯವನ್ನೂ ಒಬ್ಬ ಗೆಳೆಯನನ್ನೂ ಕರೆದೊಯ್ಯಲಿ. ಗೆಳೆಯ ಬಾರಿಸುವಾಗ ಇಪ್ಪತ್ತು ಅಡಿ ದೂರ ನಿಂತು, ಕೇಳಿದ ಸ್ವರವನ್ನು ಗುನುಗಿ ನೋಡಲಿ. ಸ್ವರ ಬಾಯಿಗೆ ಬಂದರೆ ಆ ಪೆಟ್ಟಿಗೆ ಕೊಳ್ಳಲು ಯೋಗ್ಯ. ಬರೀ ಎದೆ ಅದುರಿದರೆ ಇನ್ನೊಂದನ್ನು ಕೇಳುವುದು ಲೇಸು.