ಬೆಟ್ಟದ ಗರಸು ಮಣ್ಣನ್ನು ಅರಿತು ನಡೆಯೋಣ
(ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನ ಗಾಂಧಿ ಬಜಾರನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಹೂವು, ಹಣ್ಣು, ತರಕಾರಿಗಳ ಸಾಲು. ಅದರ ನಡುವೆ ಕಾಫಿಬೀಜವನ್ನು ಹುರಿದು ಪುಡಿಮಾಡಿ ಕೊಡುವ ಅಂಗಡಿಗಳು. ಆ ಘಮಲಿಗೆ ದಾರಿಯಲ್ಲಿ ಹೋಗುವವರೂ ಒಂದು ಕ್ಷಣ ನಿಲ್ಲುತ್ತಾರೆ. ಪುಡಿ ಕೊಳ್ಳುವವರು ಬೆಲೆ ಕೇಳುತ್ತಾರೆ, ಚಿಕೋರಿ ಎಷ್ಟು ಸೇರಿದೆ ಎಂದು ಕೇಳುತ್ತಾರೆ. ಈ ಬೀಜ ಯಾವ ಮಣ್ಣಿನಲ್ಲಿ ಬೆಳೆಯಿತು ಎಂದು ಕೇಳುವವರಿಲ್ಲ. ಕೇಳಬೇಕಾದ ಅಗತ್ಯವೂ ಅವರಿಗಿಲ್ಲ. ನಮಗಿದೆ.

ಬಜಾರಿನಿಂದ ಸ್ವಲ್ಪ ನಡೆದರೆ ದೊಡ್ಡ ಬಸವಣ್ಣನ ಗುಡಿ. ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವುದು ಅಲ್ಲಿಯೇ. ಅದರ ಪಕ್ಕದಲ್ಲಿ ಕಹಳೆ ಬಂಡೆ ಎಂಬ ಬೋಳು ಕಲ್ಲುಗುಡ್ಡವಿದೆ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಬೆಟ್ಟಗಳ ಒಡಲಿನಲ್ಲಿಯೂ ಹೀಗೆಯೇ ಬಹು ಹಳೆಯ ಕಲ್ಲಿದೆ. ಬಿಸಿಲು, ಮಳೆ, ಬೇರುಗಳು ಸೇರಿ ಆ ಕಲ್ಲನ್ನು ಒಡೆದು ಮೇಲೆ ಒಂದಿಷ್ಟು ಮಣ್ಣು ಮಾಡಿವೆ. ಆ ಮಣ್ಣು ಹೋಯಿತೆಂದರೆ ಉಳಿಯುವುದು ಕಹಳೆ ಬಂಡೆಯಂಥ ಬರಿಯ ಕಲ್ಲು. ಈ ದಿನದ ನನ್ನ ಮಾತು ಆ ಮಣ್ಣನ್ನು ಕುರಿತದ್ದು.

ನಮ್ಮ ಇಳಿಜಾರಿನ ಕಾಡುಮಣ್ಣಿನ ಗುಣಗಳು ನಾಲ್ಕು. ಅದು ತಂಪು, ಅದು ಗರಸು, ಅದು ಹುಳಿ, ಅದು ತೆಳು.

ಮೊದಲು ತಂಪಿನ ವಿಚಾರ. ಸಾವಿರ ಮೀಟರ್ ಮೇಲೆ ಹೋದರೆ ಗಾಳಿ ಸುಮಾರು ಆರು ಡಿಗ್ರಿ ತಣ್ಣಗಾಗುತ್ತದೆ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಆ ಲೆಕ್ಕದಲ್ಲಿ ಗಿರಿಯ ಮೇಲೆ ಆರು ಡಿಗ್ರಿ ತಂಪು ಹೆಚ್ಚು. ತಂಪಿನಲ್ಲಿ ದರಗು ನಿಧಾನವಾಗಿ ಕೊಳೆಯುತ್ತದೆ. ವರ್ಷ ವರ್ಷವೂ ಬಿದ್ದ ಎಲೆ ಪೂರ್ತಿ ಕರಗದೆ ಸೇರುತ್ತಾ ಹೋಗಿ ಮೇಲೆ ಕಪ್ಪು ಪದರವಾಗುತ್ತದೆ. ಬೆಟ್ಟದ ಮಣ್ಣಿನ ಸಾರವೆಲ್ಲ ಬಹುಪಾಲು ಆ ಪದರದಲ್ಲಿಯೇ ಇರುತ್ತದೆ. ಮರ ಕಡಿದು ಬಿಸಿಲು ಬಿಟ್ಟರೆ ನೆಲ ಕಾಯುತ್ತದೆ, ಕೊಳೆಯುವುದು ಬೇಗನಾಗುತ್ತದೆ. ಮೊದಲ ಒಂದೆರಡು ವರ್ಷ ಬೆಳೆ ಹುಲುಸಾಗಿ ಬರುತ್ತದೆ. ಅದನ್ನು ಕಂಡು ಮೋಸಹೋಗಬಾರದು. ಅದು ಕೂಡಿಟ್ಟ ಗಂಟನ್ನು ಕರಗಿಸಿ ಉಂಡದ್ದೇ ಹೊರತು ಹೊಸ ಸಂಪಾದನೆಯಲ್ಲ.

ಎರಡನೆಯದು ಗರಸು. ಎರಡು ಮಿಲಿಮೀಟರಿಗಿಂತ ದಪ್ಪನೆಯ ಚೂರೆಲ್ಲವನ್ನೂ ಗರಸು ಅಥವಾ ಕಲ್ಲೆಂದೇ ಎಣಿಸಬೇಕು. ಗರಸಿನಿಂದ ಉಪಕಾರವೂ ಉಂಟು. ನೀರು ನಿಲ್ಲುವುದಿಲ್ಲ, ಬೇರು ಉಸಿರಾಡುತ್ತದೆ, ಮೇಲಿನ ಕಲ್ಲು ಮಳೆಹನಿಯ ಪೆಟ್ಟನ್ನು ತಡೆಯುತ್ತದೆ. ಕಾಫಿ, ಏಲಕ್ಕಿ, ಮೆಣಸಿನ ಬಳ್ಳಿಗೆ ನೀರು ನಿಲ್ಲದ ನೆಲವೇ ಬೇಕು. ಆದರೆ ಕಲ್ಲು ನೀರನ್ನೂ ಗೊಬ್ಬರವನ್ನೂ ಹಿಡಿದಿಡಲಾರದು. ಮಳೆಗಾಲದಲ್ಲಿ ಸುರಿದ ನೀರೆಲ್ಲ ಇಳಿದುಹೋಗಿ ಫೆಬ್ರವರಿಯ ಹೊತ್ತಿಗೆ ಅದೇ ಗಿಡ ಬಾಡುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ರೈತರ ತೋಟದ ಮಣ್ಣು ಪರೀಕ್ಷೆ ಮಾಡಿಸಿದೆ. ವರದಿ ಚೆನ್ನಾಗಿತ್ತು. ಅದನ್ನು ನೋಡಿ, ಗೊಬ್ಬರವನ್ನು ಮಳೆಗೆ ಮುಂಚೆ ಒಂದೇ ಸಲ ಹಾಕಿಬಿಡಿ ಎಂದೆ. ಆ ವರ್ಷ ಗಿಡ ಹಳದಿಯಾಯಿತು. ಅವರು ನನ್ನನ್ನು ತೋಟಕ್ಕೆ ಕರೆದು, ಬೊಗಸೆ ತುಂಬ ಮಣ್ಣೆತ್ತಿ ತೋರಿಸಿ, "ಸ್ವಾಮಿ, ಇದರಲ್ಲಿ ಅರ್ಧ ಕಲ್ಲು. ನಿಮ್ಮ ಚೀಟಿಯಲ್ಲಿ ಕಲ್ಲಿನ ಲೆಕ್ಕ ಎಲ್ಲಿದೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಪ್ರಯೋಗಶಾಲೆಯಲ್ಲಿ ಮೊದಲು ಮಣ್ಣನ್ನು ಜರಡಿ ಹಿಡಿದು ಕಲ್ಲನ್ನು ಬೇರೆ ಮಾಡಿ, ಉಳಿದ ನಯವಾದ ಮಣ್ಣನ್ನು ಮಾತ್ರ ಪರೀಕ್ಷಿಸುತ್ತಾರೆ. ವರದಿಯ ಅಂಕಿ ಆ ನಯವಾದ ಮಣ್ಣಿನದು, ಇಡೀ ನೆಲದ್ದಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಆ ದಿನ.

ಆದುದರಿಂದ ನೀವೇ ಹೀಗೆ ಮಾಡಿ ನೋಡಿ. ಒಂದು ಅಡಿ ಆಳದವರೆಗೆ ತೆಗೆದ ಹತ್ತು ಕಿಲೋ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಹೆಂಟೆಗಳನ್ನು ಪುಡಿಮಾಡಿ, ಎರಡು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಿಡಿಯಿರಿ. ಮೇಲೆ ಉಳಿದ ಕಲ್ಲನ್ನು ತೂಗಿರಿ. ನಾಲ್ಕು ಕಿಲೋ ಕಲ್ಲು ಬಂದರೆ ನಿಮ್ಮ ಗಿಡಕ್ಕೆ ಅನ್ನ ನೀರು ಕೊಡುವ ಮಣ್ಣು ಆರು ಕಿಲೋ ಮಾತ್ರ. ಮಣ್ಣಿನ ಮಾದರಿ ಕಳುಹಿಸುವಾಗ ಈ ಲೆಕ್ಕವನ್ನೂ ಬರೆದು ಕಳುಹಿಸಿರಿ. ಬೆಟ್ಟದ ನೆತ್ತಿ, ನಡು, ಬುಡ ಈ ಮೂರರ ಮಾದರಿಗಳನ್ನು ಬೆರೆಸಬೇಡಿ. ನೆತ್ತಿಯಿಂದ ತೊಳೆದು ಬಂದ ಮಣ್ಣು ಬುಡದಲ್ಲಿ ಕೂತಿರುವುದರಿಂದ ಮೂರೂ ಬೇರೆ ಬೇರೆ ನೆಲವೆಂದೇ ತಿಳಿಯಬೇಕು. ಗರಸು ನೆಲಕ್ಕೆ ಗೊಬ್ಬರವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಬೇಕು. ಕಾಫಿಗಾದರೆ ಹೂವಿಗೆ ಮುಂಚೆ, ಹೂವಾದ ಮೇಲೆ, ಮಳೆ ಬಿಡುವು ಕೊಟ್ಟಾಗ, ಮಳೆಗಾಲ ಮುಗಿದ ಮೇಲೆ, ಹೀಗೆ ಹಂಚುವುದು ಲೇಸು.

ಮೂರನೆಯದು ಹುಳಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆಯಾದರೆ ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಮೇಲೆ. ಇಷ್ಟು ನೀರು ಇಳಿಯುವಾಗ ಸುಣ್ಣದಂಥ ಸತ್ತ್ವಗಳು ಕರಗಿ ಹೋಗುತ್ತವೆ. ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಮಣ್ಣು ಕೆಂಪಾಗುವುದು ಆ ಕಬ್ಬಿಣದಿಂದ. ಹುಳಿಯಾದ ಮಣ್ಣು ರಂಜಕವನ್ನು ಕಟ್ಟಿಹಾಕಿ ಗಿಡಕ್ಕೆ ಬಿಡುವುದಿಲ್ಲ. ಪರೀಕ್ಷೆ ಮಾಡಿಸಿ, ಹೇಳಿದಷ್ಟೇ ಸುಣ್ಣ ಹಾಕಿರಿ. ಸುಣ್ಣವನ್ನೂ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಸಂದೇಹ ಬಂದರೆ ಅಲ್ಲಿಯವರನ್ನು ಕೇಳಲು ಸಂಕೋಚಪಡಬೇಡಿ.

ನಾಲ್ಕನೆಯದು ತೆಳುವು, ಎಲ್ಲಕ್ಕಿಂತ ಮುಖ್ಯವಾದದ್ದು. ಇಳಿಜಾರು ಕಡಿದಾದಷ್ಟೂ ಮಣ್ಣು ನಿಲ್ಲುವುದು ಕಷ್ಟ. ಅದನ್ನು ಹಿಡಿದಿರುವುದು ಮರದ ಬೇರು ಮತ್ತು ಮೇಲೆ ಹೊದ್ದ ದರಗು. ಮಳೆ ಗರಸಿನೊಳಗೆ ಬೇಗ ಇಳಿದು ಕೆಳಗಿನ ಬಂಡೆಯ ಮೇಲೋ ಬಿಗಿಯಾದ ಜೇಡಿಯ ಮೇಲೋ ಸೇರುತ್ತದೆ. ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಒಳಗಿನ ನೀರು ಅದನ್ನು ಎತ್ತಿಹಿಡಿಯುತ್ತದೆ. ಬುಡದಲ್ಲಿ ಯಾರಾದರೂ ಮನೆಗೋ ರಸ್ತೆಗೋ ಧರೆ ಕಡಿದಿದ್ದರೆ ಆಧಾರ ತಪ್ಪುತ್ತದೆ. ಆಮೇಲೆ ಬೆಟ್ಟ ಜಾರುವುದಕ್ಕೆ ಒಂದು ರಾತ್ರಿಯ ಮಳೆ ಸಾಕು.

ಇದು ಕಟ್ಟುಕಥೆಯಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಕಾಲೂರು ಕಡೆ ಬೆಟ್ಟಗಳು ಕುಸಿದು ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2024ರ ಜುಲೈ ತಿಂಗಳಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ರಸ್ತೆಯ ಮೇಲೆ ಬಿತ್ತು. ಅದೇ ತಿಂಗಳ 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಮಳೆಯನ್ನು ನಾವು ತಡೆಯಲಾರೆವು. ಧರೆ ಕಡಿಯುವ ಯಂತ್ರವನ್ನು ತಡೆಯಬಲ್ಲೆವು.

ಹಾಗಾದರೆ ಮಾಡಬೇಕಾದುದೇನು? ಮರಕಸಿ ಮಾಡುವಾಗ ರೆಂಬೆ ಸವರಿರಿ, ಮರವನ್ನೇ ತೆಗೆಯಬೇಡಿ. ಕಳೆಯನ್ನು ಬುಡಸಮೇತ ಕೆತ್ತದೆ ಕತ್ತಿಯಿಂದ ಸವರಿ ಅಲ್ಲಿಯೇ ಬಿಡಿ. ಗಿಡದ ಸಾಲುಗಳು ಇಳಿಜಾರಿಗೆ ಅಡ್ಡವಾಗಿರಲಿ. ಸಾಧಾರಣ ಇಳಿಜಾರಿನಲ್ಲಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆದರೆ ಹರಿಯುವ ಮಣ್ಣು ಅದರಲ್ಲಿ ನಿಲ್ಲುತ್ತದೆ. ಧರೆಯ ಅಂಚಿಗೆ ಲಾವಂಚ ನೆಡಿ.

ಆದರೆ ಒಂದು ಎಚ್ಚರಿಕೆ. ಬಹಳ ಕಡಿದಾದ ಕಡೆ, ಬಿರುಕು ಕಂಡ ಕಡೆ, ನೀರಿಂಗಿಸುವ ಗುಂಡಿ ತೋಡಲೇಬಾರದು. ಅಲ್ಲಿ ನೀರನ್ನು ಒಳಗೆ ಬಿಡುವುದೇ ಅಪಾಯ. ಚರಂಡಿ ಮಾಡಿ ನೀರನ್ನು ಪಕ್ಕದ ಹಳ್ಳಕ್ಕೆ ಸಾಗಿಸಬೇಕು. ಬಿರುಕಿಗೆ ಜೇಡಿ ತುಂಬಿ ಮೇಲೆ ತಾಡಪಾಲು ಹೊದಿಸಬೇಕು. ಮನೆಯ ಮೇಲಿನ ಗುಡ್ಡದಲ್ಲಿ ಬಿರುಕು, ವಾಲಿದ ಮರ, ಹೊಸದಾಗಿ ಎದ್ದ ಒರತೆ, ಇದ್ದಕ್ಕಿದ್ದಂತೆ ಕೆಸರಾದ ಝರಿ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮಕ್ಕಳು, ವೃದ್ಧರನ್ನು ಕರೆದುಕೊಂಡು, ಹಸುಗಳ ಹಗ್ಗ ಬಿಚ್ಚಿ ಹೊರಟುಬಿಡಿ. ಪಂಚಾಯಿತಿಗೂ ನನಗೂ ಆಮೇಲೆ ತಿಳಿಸಿದರೆ ಸಾಕು.

ಬಾಬಾಬುಡನ್ ಏಳು ಕಾಫಿಬೀಜ ತಂದು ಗಿರಿಯಲ್ಲಿ ನೆಟ್ಟರೆಂಬ ಪ್ರತೀತಿ ಇದೆ. ಬೀಜ ಹೊರಗಿನಿಂದ ಬಂದೀತು. ಮಣ್ಣನ್ನು ಯಾರೂ ತಂದುಕೊಡಲಾರರು. ಈ ಮಳೆಗಾಲಕ್ಕೆ ಮುಂಚೆ ಪ್ರತಿಯೊಬ್ಬರೂ ತಮ್ಮ ಬೆಟ್ಟವನ್ನು ನೆತ್ತಿಯಿಂದ ಬುಡದವರೆಗೆ ಒಮ್ಮೆ ನಡೆದು ನೋಡಬೇಕೆಂದು ನನ್ನ ಪ್ರಾರ್ಥನೆ. ಕರೆದರೆ ನಾನೂ ಜೊತೆಗೆ ಬರುತ್ತೇನೆ. ಜರಡಿಯನ್ನು ಮರೆಯದೆ ತರುತ್ತೇನೆ.